ಡಾಂಬರು ಬಳಿದ ಗ್ಲೈಡರು

ಆಗಿನ ಕಾಲಕ್ಕೆ ನಮ್ಮ ಹೊಸಪೇಟೆಯ ಆಕಾಶದಲ್ಲಿ ಹದ್ದು ಬಿಟ್ಟರೆ ಯಾರಿಗೂ ಕೆಲಸವಿರಲಿಲ್ಲ. ಆ ಆಕಾಶದ ಮೇಲೆ ನಮ್ಮ ಅಪ್ಪನ ತಮ್ಮ ಸಣ್ಣಪ್ಪನ ಕಣ್ಣು ಬಿತ್ತು. ಮದ್ರಾಸಿನಿಂದ ಬಂದ ಪತ್ರಿಕೆಯೊಂದರಲ್ಲಿ, ಎಂಜಿನ್ ಇಲ್ಲದೆ ಒಬ್ಬನೇ ಕೂತು ಹಾರುವ ಗ್ಲೈಡರಿನ ನಕ್ಷೆ ನೋಡಿದ್ದೇ ತಡ, ನಮ್ಮ ಅಕ್ಕಿ ಗಿರಣಿಯ ಹಿತ್ತಲಲ್ಲಿ ಬಿದಿರು ಸೀಳುತ್ತ ಕೂತ.

ಅಜ್ಜ ಒಂದೇ ಮಾತು ಹೇಳಿದ: “ಲೇ, ಆಷಾಢ ಮುಗಿಯೋದ್ರಾಗ ಇದು ಹಾರ್ಲಿಲ್ಲಂದ್ರ ಹಂಡೆ ಒಲಿಗೆ ಹಾಕ್ತೀನಿ. ನೀನು ಸುಮ್ನ ಬಂದು ಗಿರಣ್ಯಾಗ ಕುಂದ್ರಬೇಕು.”

ಬಿದಿರು ಬಗ್ಗಿಸಲು ಕಂಪ್ಲಿಯಿಂದ ಹರಿಗೋಲು ಹೆಣೆಯುವ ಹುಲುಗಪ್ಪ ಬಂದ. ಉದ್ದನೆಯ ಸಪೂರ ರೆಕ್ಕೆಗಳು ಎದ್ದವು, ಮೇಲೆ ತೆಳು ಬಟ್ಟೆ ಹೊದಿಸಿದ್ದಾಯಿತು. “ಹಗುರ, ಹಗುರ” ಎಂಬುದೇ ಸಣ್ಣಪ್ಪನ ಜಪ. ಒಂದು ಮೊಳೆ ಹೆಚ್ಚಾದರೂ ಕೀಳಿಸುತ್ತಿದ್ದ. ಅವನು ಸಂಡೂರಿಗೆ ಗುಡ್ಡ ನೋಡಲು ಹೋದ ದಿನ ಹುಲುಗಪ್ಪ ಎರಡೂ ರೆಕ್ಕೆಗೆ ದಪ್ಪಗೆ ಡಾಂಬರು ಬಳಿದುಬಿಟ್ಟ. ಡಬ್ಬಿ ಹಿಡಿದವನು ನಾನೇ.

“ಏನ್ ಮಾಡಿಬಿಟ್ಟಿಯೋ ಹುಲುಗಪ್ಪಾ!” ಸಣ್ಣಪ್ಪ ತಲೆಯ ಮೇಲೆ ಕೈ ಹೊತ್ತ.

“ನೀರು ಒಳಗ ಬರಬಾರ್ದಲ್ರಿ.”

“ಇದು ಗಾಳ್ಯಾಗ ತೇಲೋದಪಾ!”

“ನೀವಽ ತೇಲೋದಂದ್ರಿ. ತೇಲೋದಕ್ಕ ಡಾಂಬರು ಬ್ಯಾಡೇನ್ರಿ?”

ಆಷಾಢ ಮುಗಿಯಲು ಇನ್ನು ಎಂಟೇ ದಿನ ಉಳಿದಿತ್ತು. ಬಟ್ಟೆಯನ್ನೆಲ್ಲ ಕಿತ್ತು ಹೊಸದು ಹೊದಿಸಿದೆವು. ಅದು ಬಿಗಿಯಾಗಲೆಂದು ಅಜ್ಜಿ, ಕಂಬಳಿ ನೇಯುವವರು ಹಚ್ಚುವ ಹುಣಸೆಬೀಜದ ಗಂಜಿ ಕಾಸಿಕೊಟ್ಟಳು. ಒಣಗಿದ ರೆಕ್ಕೆಯನ್ನು ಬೆರಳಿಂದ ತಟ್ಟಿದರೆ ಹಲಗೆ ಬಾರಿಸಿದ ಹಾಗೆ ನುಡಿಯಿತು.

ಸಂಡೂರಿನ ಗುಡ್ಡದ ಮೇಲೆ ಮಂಡಕ್ಕಿ ಒಗ್ಗರಣೆ ತಿಂದು, ಸಣ್ಣಪ್ಪ ಗ್ಲೈಡರಿನಲ್ಲಿ ಕೂತ. ಅದರ ಮೂತಿಗೆ ಕಟ್ಟಿದ, ಸೈಕಲ್ ಟ್ಯೂಬು ಹೆಣೆದ ಹಗ್ಗ ಹಿಡಿದು ಎಂಟು ಜನ ಇಳಿಜಾರಿನಲ್ಲಿ ಓಡಿದರು. ಗ್ಲೈಡರು ತೆವಳಿತು, ಕುಪ್ಪಳಿಸಿತು, ಎದ್ದೇಬಿಟ್ಟಿತು! ಗುಡ್ಡಕ್ಕೆ ಬಡಿದು ಮೇಲೇರುವ ಗಾಳಿ ಅದನ್ನು ನಮ್ಮ ತಲೆಗಿಂತ ಎತ್ತರಕ್ಕೆ ಒಯ್ದಿತು. ಒಂಚೂರು ಸದ್ದಿಲ್ಲ. ಗುಡ್ಡದ ಉದ್ದಕ್ಕೂ ಮೂರು ಸಲ ಹೋಗಿ ಬಂದು, ಕೆಳಗಿನ ಬೀಳುಹೊಲದಲ್ಲಿ ಮೆತ್ತಗೆ ಇಳಿಯಿತು.

“ಡಾಂಬರಿಲ್ದನಽ ತೇಲ್ತಲ್ಲೋ!” ಹುಲುಗಪ್ಪ ಕುಣಿದ. ನಾನು ಕೂಗಿ ಕೂಗಿ ಗಂಟಲು ಕಟ್ಟಿಕೊಂಡೆ. ಅಷ್ಟು ಖುಷಿ ನನಗೆ ಮತ್ತೆಂದೂ ಆಗಿಲ್ಲ.

ಬೆಳಗಿನಿಂದ ಮುಖ ತಿರುಗಿಸಿ ಬಂಡಿಯಲ್ಲಿ ಕೂತಿದ್ದ ಅಜ್ಜ ಇಳಿದು ಬಂದ. ತನ್ನ ಜಾಗ ತೋರಿಸಿ ಮಗನಿಗೆ ಹೇಳಿದ: “ಬರ್ರಿ, ಕುಂದ್ರಿ.”

ಸಣ್ಣಪ್ಪ ಅತ್ತೇಬಿಟ್ಟ. “ಲೇ ಅನ್ರಿ ಅಪ್ಪಾ, ಲೇ ಅನ್ರಿ.”

ಈಗ ಹೋದಲ್ಲೆಲ್ಲ ನನಗೂ ಜನ ಎದ್ದು, “ಬರ್ರಿ, ಕುಂದ್ರಿ” ಎಂದು ಕುರ್ಚಿ ಬಿಡುತ್ತಾರೆ. ಲೇ ಎನ್ನುವವರು ಒಬ್ಬರೂ ಉಳಿದಿಲ್ಲ.