ಮೀನು ಬಿಡಿಸಿದ ಪಕ್ಕದ ಮನೆಯವರು

ಅಮೆರಿಕದ ಡುಲುತ್ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ಮೈಸೂರಿನವರೇ. ಟ್ರೌಟ್ ಮೀನು ಹಿಡಿಯಲು ಕೊಕ್ಕೆಗೆ ಗರಿ, ದಾರ ಸುತ್ತಿ ಸುಳ್ಳು ನೊಣ ಕಟ್ಟುತ್ತಿದ್ದರು. ಏನು ಕೇಳಿದರೂ "ಸ್ವಲ್ಪ ತಡೀರಿ ಅಮ್ಮಾ" ಎಂಬುದೊಂದೇ ಉತ್ತರ.

ಒಂದು ದಿನ ಕೊರೆಯುವಷ್ಟು ತಣ್ಣಗಿನ ಹೊಳೆಯಲ್ಲಿ ನಿಂತು ನನ್ನ ಮೊಮ್ಮಗಳಿಗೆ ಗಾಳ ಬೀಸಲು ಕಲಿಸಿದರು. ಮೂರು ಗಂಟೆ ಕಾದು ನನಗೆ ತಲೆ ಕೆಟ್ಟುಹೋಯಿತು. ಕೊನೆಗೂ ನನ್ನ ಬಂಗಾರಕ್ಕೆ ಮೊದಲ ಮೀನು ಸಿಕ್ಕಿತು! ಕುಣಿದಾಡಿಬಿಟ್ಟೆ. ಹುರಿದು ತಿನ್ನಿಸಲೆಂದು ರುಬ್ಬಿ ತಂದಿದ್ದ ಮಸಾಲೆ ಡಬ್ಬಿ ತೆಗೆದೆ.

"ಕೈ ಒದ್ದೆ ಮಾಡ್ಕೋ ಪುಟ್ಟಿ, ಒಣ ಕೈ ತಾಗಿದ್ರೆ ಮೀನಿಗೆ ನೋವಾಗತ್ತೆ. ಹಿಡಿದ ಮೀನನ್ನ ಮತ್ತೆ ನೀರಿಗೇ ಬಿಡ್ಬೇಕು" ಎಂದರು ಅವರು. ಮಗು ಕೊಕ್ಕೆ ಬಿಡಿಸಿ ಮೀನನ್ನು ನೀರಿಗೇ ಬಿಟ್ಟಿತು. "ಬೈ ಬೈ ಫಿಶ್!"

"ಅಯ್ಯೋ, ಈ ಮಸಾಲೆ ಏನ್ ಮಾಡ್ಲಿ?" ಎಂದು ರೇಗಿದೆ.

"ಸ್ವಲ್ಪ ತಡೀರಿ ಅಮ್ಮಾ" ಎನ್ನುತ್ತಾ ಚೀಲದಿಂದ ಬೇಯಿಸಿದ ಆಲೂಗಡ್ಡೆ ತೆಗೆದರು. ಬೆಳಿಗ್ಗೆ ನನ್ನ ಮಿಕ್ಸಿ ಸದ್ದು ಕೇಳಿದಾಗಲೇ ಬೇಯಲು ಇಟ್ಟಿದ್ದರಂತೆ, ಪುಣ್ಯಾತ್ಮರು!