ನಲ್ಲಿಗೆ ಕಟ್ಟಿದ ಬಟ್ಟೆ

ಬಟ್ಟೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಇನ್ನೂ ನನ್ನ ಹತ್ತಿರ ಇದೆ. ಹಳೆಯ ಬಿಳಿ ಪಂಚೆಯಿಂದ ಹರಿದ ಒಂದು ಚೌಕ, ಅಂಗೈಗಿಂತ ಸ್ವಲ್ಪ ದೊಡ್ಡದು, ಒಂದು ಮೂಲೆಗೆ ಹೊಲಿದ ದಾರ. ಇಷ್ಟು ಬರೆದು ಎದ್ದು ಹೋಗಿ ಡ್ರಾಯರ್ ತೆಗೆದು ನೋಡಿದೆ. ದಾರವೇ ಇಲ್ಲ. ಬದಲಿಗೆ ನಡುವೆ ತುಕ್ಕಿನ ಬಣ್ಣದ ಒಂದು ಕಲೆ ಇದೆ, ಅದು ನನ್ನ ನೆನಪಿನಲ್ಲಿ ಇರಲೇ ಇಲ್ಲ. ಮುಂದೆ ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎದುರಿಗಿಲ್ಲದ ವಸ್ತುಗಳ ವಿಷಯದಲ್ಲಿ ನಾನು ಇದಕ್ಕಿಂತ ಚೆನ್ನಾಗಿ ಬರೆಯಲಾರೆ.

ಆಗ ನಾವು ಈ ದೇಶಕ್ಕೆ ಬಂದು, ಗಾಲ್ವೇ ಎಂಬ ಊರಿನಿಂದ ಆಚೆ, ಕಲ್ಲಿನ ಗಿಡ್ಡ ಗೋಡೆಗಳೂ ಕುರಿಗಳೂ ಇರುವ ಕಡೆ ಬಾಡಿಗೆ ಮನೆಯಲ್ಲಿದ್ದೆವು. ಊರೊಳಗೆ ಮನೆ ಸಿಕ್ಕಿರಲಿಲ್ಲ. ಗಂಡ ವೈದ್ಯಕೀಯ ಉಪಕರಣ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ನಾನು ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಒಂದು ಲ್ಯಾಬಿನಲ್ಲಿ ದುಡಿದು, ಇಲ್ಲಿ ಬಂದು ಅಂಗಡಿಯ ಕೌಂಟರಿನ ಹಿಂದೆ ನಿಂತವಳು. ಆ ಭಾಗದ ನೀರು ಸರ್ಕಾರದ ಪೈಪಿನಿಂದ ಬರುತ್ತಿರಲಿಲ್ಲ. ಸುತ್ತಲಿನ ಮನೆಗಳವರೇ ಸೇರಿ ಒಂದು ಸಮಿತಿ ಮಾಡಿಕೊಂಡು, ಹತ್ತಿರದ ಸರೋವರದಿಂದ ನೀರೆತ್ತಿ, ಸೋಸಿ, ಕ್ಲೋರಿನ್ ಹಾಕಿ ಮನೆಗಳಿಗೆ ಬಿಡುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ಕುರಿ ಸಾಕುವ ಒಬ್ಬ ಮುದುಕ. ಸೋಂಕು ಬಂತು, ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಗೆ ಬರಬಾರದೆಂದರು. ಆ ಕೆಲಸಕ್ಕೆ ಜನ ಬೇಕೆಂದು ಅಂಗಡಿಯ ಗಾಜಿಗೆ ಅಂಟಿಸಿದ ಸಮಿತಿಯ ಚೀಟಿ ನೋಡಿ ನಾನು ಫೋನ್ ಮಾಡಿದೆ.

ಕೆಲಸ ಕೊಟ್ಟರು, ಒಂದು ಷರತ್ತಿನ ಮೇಲೆ. ಬೇಸಿಗೆ ಮುಗಿಯುವುದರೊಳಗೆ ನಾನು ನೀರಿನ ಘಟಕ ನಡೆಸುವವರ ಸರ್ಟಿಫಿಕೇಟ್ ಪಡೆಯಬೇಕು. ಪಾಠ ಕಂಪ್ಯೂಟರಿನಲ್ಲಿ, ಕೊನೆಗೆ ಒಬ್ಬ ಪರೀಕ್ಷಕರ ಮುಂದೆ ಕೆಲಸ ಮಾಡಿ ತೋರಿಸಬೇಕು. ಪಾಸಾದರೆ ಕೆಲಸ ನನ್ನದೇ, ಇಲ್ಲದಿದ್ದರೆ ಇಡೀ ಘಟಕವನ್ನು ಯಾವುದೋ ಕಂಟ್ರಾಕ್ಟ್ ಕಂಪನಿಗೆ ಒಪ್ಪಿಸುತ್ತಾರೆ. ನನಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಪಂಪ್‌ಹೌಸಿನ ಬೀಗದ ಕೈಯನ್ನು ಮನೆಯೊಳಗೂ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಕೂತ ಕಡೆ ಕೂರಲಾಗುತ್ತಿರಲಿಲ್ಲ. ಕ್ಲೋರಿನ್ ಪಂಪಿನ ಟಿಕ್ ಟಿಕ್ ಸದ್ದು ಹಾಸಿಗೆಯಲ್ಲೂ ಕೇಳುತ್ತಿತ್ತು. ಬಹುಶಃ ಅದು ಗಡಿಯಾರ. ಅಥವಾ ಅದನ್ನು ನಾನು ಈಗ ಸೇರಿಸುತ್ತಿದ್ದೇನೆ.

ಇಲ್ಲಿ ಯಾರೂ ಆ ಸರ್ಟಿಫಿಕೇಟನ್ನು ಲೈಸೆನ್ಸ್ ಎನ್ನುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆ ಹೆಸರು ಬಂತು, ಅತ್ತೆಯಿಂದ. ಮಗನ ಮನೆ ನೋಡಲು ಮೈಸೂರಿನಿಂದ ಬಂದವರು ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು.

“ನೀರು ಬಿಡೋಕೂ ಲೈಸೆನ್ಸಾ?” ಎಂದರು. “ನಮ್ಮ ಬೀದಿ ವಾಲ್ವ್‌ಮನ್ ಸೈಕಲ್‌ನಲ್ಲಿ ಬಂದು, ಒಂದು ಸಲಾಕೆ ತಿರುಗಿಸಿ ಹೋಗ್ತಿದ್ದ. ಅವನಿಗೆ ಯಾರು ಪರೀಕ್ಷೆ ಮಾಡಿದ್ರು?”

“ಆ ನೀರು ಕುಡಿದು ನಿಮಗೆ ಕಾಮಾಲೆ ಆಗಿತ್ತಲ್ಲ ಅತ್ತೆ.”

“ಆಯ್ತು. ವಾಸಿನೂ ಆಯ್ತು. ನೀನು ಓದ್ಕೋ ಹೋಗು.”

ಬಂದ ವಾರದಲ್ಲೇ ಅವರು ಅಡುಗೆಮನೆಯ ನಲ್ಲಿಗೆ ಬಟ್ಟೆ ಕಟ್ಟಿದ್ದರು. ಮೈಸೂರಿನ ಅವರ ಮನೆಯಲ್ಲಿ ನಲ್ಲಿ ಎಂದರೆ ಬಟ್ಟೆ ಕಟ್ಟಿದ ನಲ್ಲಿಯೇ. ವಾರಕ್ಕೊಮ್ಮೆ ಬಿಚ್ಚಿದರೆ ಅದರೊಳಗೆ ಮರಳು, ತುಕ್ಕಿನ ಚಕ್ಕೆ, ಒಮ್ಮೊಮ್ಮೆ ಹುಳ. ಅದನ್ನು ತೋರಿಸಿ, ಬಟ್ಟೆ ಇಲ್ಲದಿದ್ದರೆ ಇದೆಲ್ಲ ಯಾರ ಹೊಟ್ಟೆಗೆ ಹೋಗುತ್ತಿತ್ತು ಎಂದು ಕೇಳುವುದು ಅವರ ರೂಢಿ. ಇಲ್ಲಿನ ನೀರು ಕನ್ನಡಿಯ ಹಾಗೆ ಬರುತ್ತಿದ್ದರೂ ಕಟ್ಟಿದರು. ಈ ಕೆಲಸ ಹಿಡಿದ ಮೇಲೆ, ನಾನೇ ಸೋಸಿದ ನೀರನ್ನು ನಮ್ಮನೆಯಲ್ಲೇ ಮತ್ತೆ ಸೋಸುವುದೇ ಎಂದು ನನಗೆ ಒಳಗೊಳಗೇ ಉರಿಯಿತು.

“ಇದು ಬೇಡ ಅತ್ತೆ, ಬಿಚ್ಚಿಬಿಡಿ,” ಎಂದೆ.

“ನೀವೆಲ್ಲ ಬಾಯಿಗೆ ಕಟ್ಕೊಂಡು ಓಡಾಡ್ತಿದ್ದೀರ. ನಾನು ನಲ್ಲಿ ಬಾಯಿಗೆ ಕಟ್ಟಿದ್ದು ತಪ್ಪಾಯ್ತಾ?”

ಗಂಡ ನಕ್ಕ. ನಾನು ನಗಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಮರುದಿನ ಸಂಜೆ ಬಂದಾಗ ನಲ್ಲಿ ಬರಿದಾಗಿತ್ತು. ಗೆದ್ದೆ ಎಂದುಕೊಂಡೆ.

ಘಟಕದಲ್ಲಿ ನೀರು ಶುದ್ಧವಿದ್ದರೆ ಸಾಲದು, ಮನೆಗಳ ನಲ್ಲಿಯಿಂದಲೂ ಆಗಾಗ ನೀರು ಹಿಡಿದು ಲ್ಯಾಬಿಗೆ ಕಳಿಸಬೇಕು. ಆದರೆ ಆ ದಿನಗಳಲ್ಲಿ ಯಾರೂ ಯಾರನ್ನೂ ಮನೆಯೊಳಗೆ ಬಿಡುತ್ತಿರಲಿಲ್ಲ. ಸಮಿತಿಯವರು, ನಿಮ್ಮ ಮನೆಯೂ ನಮ್ಮ ಪೈಪಿನ ಮೇಲೇ ಇದೆಯಲ್ಲ, ನಿಮ್ಮ ಅಡುಗೆಮನೆಯಿಂದಲೇ ಹಿಡಿಯಿರಿ ಎಂದರು. ಹಾಗೇ ಮಾಡಿದೆ. ನಲ್ಲಿಯನ್ನು ಹೊರಗಿನಿಂದ ಔಷಧಿ ಹಾಕಿ ಒರೆಸಿ, ನೀರು ಹರಿಯಬಿಟ್ಟು, ಬಾಟಲಿಯ ಅಂಚು ಮುಟ್ಟದಂತೆ ತುಂಬಿಸಿದೆ. ಇನ್ನೊಂದು ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಕ್ಲೋರಿನ್ ನೋಡುವ ಮಾತ್ರೆ ಹಾಕಿದೆ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು, ಎಂದರೆ ಕ್ಲೋರಿನ್ ಇದೆ. ಅತ್ತೆ ಪಕ್ಕದಲ್ಲಿ ನಿಂತು, “ಚೆನ್ನಾಗಿದೆ, ಓಕುಳಿ ಥರ,” ಎಂದರು.

ಲ್ಯಾಬಿನಿಂದ ನನಗೂ ಸಮಿತಿಗೂ ಈಮೇಲ್ ಬಂತು. ಘಟಕದ ಬಾಟಲಿ ಶುದ್ಧ. ನಮ್ಮ ಅಡುಗೆಮನೆಯ ಬಾಟಲಿಯಲ್ಲಿ ಬ್ಯಾಕ್ಟೀರಿಯಾ. ಮಲದಿಂದ ಬರುವ ಅಪಾಯದ ಜಾತಿಯಲ್ಲ, ಮಣ್ಣಿನಲ್ಲಿ, ಎಲೆಯಲ್ಲಿ, ಒದ್ದೆ ಜಾಗದಲ್ಲಿ ಇರುವ ಜಾತಿ. ಆದರೂ ಕುಡಿಯುವ ನೀರಿನಲ್ಲಿ ಇರಕೂಡದು.

ಮುದುಕ ಆಪರೇಟರ್ ದಿನಾ ಬೆಳಿಗ್ಗೆ ಫೋನ್ ಮಾಡಿ, ಹುಷಾರು ತಪ್ಪಿದ ಹಸುವನ್ನು ವಿಚಾರಿಸುವ ಹಾಗೆ ನೀರನ್ನು ವಿಚಾರಿಸುತ್ತಿದ್ದರು. ಆವತ್ತು ನಾನೇ ಮೊದಲು ಮಾಡಿದೆ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ. ಅವರ ಬಾಯಲ್ಲಿ ಈ ‘ನೀನು’ವನ್ನು ಇಟ್ಟವಳೂ ನಾನೇ.

“ಘಟಕದಲ್ಲಿ ಕ್ಲೀನ್, ನಿನ್ನ ಅಡುಗೆಮನೆಯಲ್ಲಿ ಕೊಳಕು. ಅಲ್ಲೇನು ಬಾತುಕೋಳಿ ಸಾಕಿದ್ದೀಯಾ?”

“ಇಲ್ಲ. ಅತ್ತೆ ಇದ್ದಾರೆ.”

“ಓಹ್,” ಎಂದರು. ಆಮೇಲೆ ಸಮಿತಿಯ ತೀರ್ಮಾನ ಹೇಳಿದರು. ಇನ್ನೊಮ್ಮೆ ಹಿಡಿದು ಕಳಿಸು. ಅದೂ ಕೆಟ್ಟು ಬಂದರೆ ಎಲ್ಲ ಮನೆಗಳಿಗೂ ನೀರು ಕುದಿಸಿ ಕುಡಿಯಲು ಹೇಳಬೇಕಾಗುತ್ತದೆ, ಕಂಟ್ರಾಕ್ಟ್ ಕಂಪನಿಯನ್ನೂ ಕರೆಯಬೇಕಾಗುತ್ತದೆ. “ಏನೂ ಆಗಲ್ಲ, ಗ್ರ್ಯಾಂಡ್ ಆಗಿರುತ್ತೆ,” ಎಂದರು. ಗ್ರ್ಯಾಂಡ್ ಎಂದರೆ ಇಲ್ಲಿ ‘ಸರಿ’ ಎಂದಷ್ಟೇ, ಈ ದೇಶದಲ್ಲಿ ಏನೋ ಆಗಬಹುದು ಎನ್ನುವಾಗಲೂ ಹೇಳುವ ಮಾತು ಅದು.

ಫೋನ್ ಇಟ್ಟು ಅಡುಗೆಮನೆಗೆ ಬಂದೆ. ಮನೆ ಬೆಚ್ಚಗಿಡುವ ಗೋಡೆಯ ರೇಡಿಯೇಟರ್ ಮೇಲೆ ಆ ಬಿಳಿ ಚೌಕ ಒಣಗುತ್ತಿತ್ತು. ಅದು ಅಲ್ಲಿ ದಿನವೂ ಇರುತ್ತಿತ್ತು. ಅತ್ತೆಯ ಕರವಸ್ತ್ರ ಎಂದುಕೊಂಡಿದ್ದೆ, ಅಥವಾ ಏನೂ ಅಂದುಕೊಂಡಿರಲಿಲ್ಲ. ಮುಟ್ಟಿದೆ, ನಡುವೆ ಇನ್ನೂ ತೇವ, ನಲ್ಲಿಯ ಬಾಯಿಯಷ್ಟೇ ಅಗಲದ ತೇವ.

“ಅತ್ತೆ, ಇದನ್ನ ಇನ್ನೂ ಕಟ್ತಿದ್ದೀರಾ?”

“ನೀನು ಬೇಡ ಅಂದ್ಯಲ್ಲ. ಅದಕ್ಕೇ ನಿನ್ನ ಕಾರು ಬಂದ ಸದ್ದು ಕೇಳಿದ ತಕ್ಷಣ ಬಿಚ್ಚಿಡ್ತಿದ್ದೆ.”

“ನೀರು ಹಿಡಿದ ದಿನಾನೂ?”

“ಅವತ್ತೂ ಬಿಚ್ಚಿದ್ದೆ ಕಣೇ. ನಿನ್ನ ಆಫೀಸಿನ ಕೆಲಸ ಅಂತ ಉಜ್ಜಿ ಕೂಡ ಇಟ್ಟಿದ್ದೆ.” ಸೆರಗಿಗೆ ಕೈ ಒರೆಸಿಕೊಂಡು, “ನನ್ನಿಂದ ನಿನ್ನ ಲೈಸೆನ್ಸ್ ಹೋಗತ್ತಾ?” ಎಂದರು.

ಇಲ್ಲ ಎಂದು ಹೇಳಿದ್ದರೆ ಚೆನ್ನಾಗಿತ್ತು. ಹೇಳಿದೆನೆಂದು ಬರೆದುಕೊಂಡರೂ ಕೇಳುವವರಿಲ್ಲ. ನಾನು ಹೇಳಿದ್ದು “ಗೊತ್ತಿಲ್ಲ” ಎಂದು. ಅವರು ಒಲೆಯ ಕಡೆ ತಿರುಗಿದರು. ಆ ದಿನದ ಸಾರಿಗೆ ಉಪ್ಪು ಹಾಕಿರಲಿಲ್ಲ, ನಾವಿಬ್ಬರೂ ಅದನ್ನು ಹೇಳದೆ ಉಂಡೆವು.

ನಲ್ಲಿಯ ಬಾಯಿಗೆ ತಿರುಪಿನಲ್ಲಿ ಕೂರಿಸಿದ್ದ ಚಿಕ್ಕ ಜಾಲರಿಯನ್ನು ಬಿಚ್ಚಿದೆ. ಒಳಗೆ ಲೋಳೆ, ಲೋಳೆಯಲ್ಲಿ ಬಿಳಿ ನೂಲಿನ ಎಳೆಗಳು. ಎಲ್ಲವನ್ನೂ ಬ್ಲೀಚಿನಲ್ಲಿ ನೆನೆಸಿ ತೊಳೆದು, ಜಾಲರಿ ಇಲ್ಲದ ನಲ್ಲಿಯಿಂದ ಮತ್ತೆ ಬಾಟಲಿ ತುಂಬಿ ಕಳಿಸಿದೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೋ ಇಲ್ಲವೋ ಎಂದು ಕಾದೇ ನೋಡಬೇಕು, ಅವಸರ ಮಾಡಿದರೆ ನಡೆಯದು. ಆ ಕಾಯುವ ದಿನಗಳ ನಡುವೆಯೇ ನನ್ನ ಪರೀಕ್ಷೆ ಬಂತು. ಮನೆಯೊಳಗೇ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದೆ. ಅತ್ತೆ ಜಪದ ಮಧ್ಯೆ ಕಣ್ಣು ತೆರೆದು, “ಕೂತ್ಕೋಬಾರದಾ? ನೋಡಿ ನೋಡಿ ನನಗೇ ಕಾಲು ನೋಯ್ತಿದೆ,” ಎಂದರು.

ಪರೀಕ್ಷಕಿ ವಿಡಿಯೋದಲ್ಲಿ ಬಂದರು. ದೇಶದ ಉತ್ತರದ ಲೆಟರ್‌ಕೆನ್ನಿ ಊರಿನ ಕಡೆಯ ಉಚ್ಚಾರ, ಹಿಂದೆ ಪುಸ್ತಕದ ಕಪಾಟು, ಅದರ ಮೇಲೆ ಮಲಗಿದ ಬೆಕ್ಕು. ಪಂಪ್‌ಹೌಸಿನ ಭಾಗಕ್ಕೆ ಫೋನನ್ನು ಶೆಲ್ಫಿನ ಮೇಲೆ ನಿಲ್ಲಿಸಿದ್ದೆ, ಅದು ಸರಾಗವಾಗಿ ಮುಗಿಯಿತು. ಮನೆಯ ನಲ್ಲಿಯಿಂದ ನೀರು ಹಿಡಿಯುವುದನ್ನು ತೋರಿಸಲು ಅಡುಗೆಮನೆಗೆ ಬಂದೆ. ಗಂಡ ಕಾರ್ಖಾನೆಯಲ್ಲಿದ್ದ. ಫೋನ್ ಹಿಡಿದುಕೊಂಡವರು ಅತ್ತೆ.

ಎಲ್ಲ ಮಾಡಿ ತೋರಿಸಿದ ಮೇಲೆ ಪರೀಕ್ಷಕಿ ಕೇಳಿದರು, “ನಿಮ್ಮ ದಾಖಲೆಯಲ್ಲಿ ಇದೇ ನಲ್ಲಿ ಕಳೆದ ಸಲ ಫೇಲ್ ಆಗಿದೆಯಲ್ಲ. ಕಾರಣ ಏನು ಅನ್ನಿಸುತ್ತದೆ?”

ಉತ್ತರವನ್ನು ಸಿದ್ಧ ಮಾಡಿಕೊಂಡಿದ್ದೆ. ಮನೆಯೊಳಗಿನ ಕೊಳಾಯಿ ವ್ಯವಸ್ಥೆಯಲ್ಲಿ ಸ್ಥಳೀಯ ದೋಷ. ಪಾಠದಲ್ಲೇ ಇದ್ದ ಮಾತು, ಸುಳ್ಳೂ ಅಲ್ಲ. ಬಟ್ಟೆ ಅದರೊಳಗೆ ಅಡಗಿ ಕೂರುತ್ತಿತ್ತು. ಆ ವಾಕ್ಯದ ಅರ್ಧದಲ್ಲಿದ್ದೆ, ಫೋನ್ ಅಲುಗಿತು. ಅತ್ತೆ ಅದನ್ನು ರೇಡಿಯೇಟರ್ ಕಡೆ ತಿರುಗಿಸಿದ್ದರು.

“ದಿಸ್,” ಎಂದರು. “ಮೈ ಕ್ಲಾತ್. ನಾಟ್ ಹರ್.”

ಪರೀಕ್ಷಕಿ ತೆರೆಯ ಹತ್ತಿರ ಬಾಗಿದರು. ಬೆಕ್ಕು ಇಳಿದು ಹೋಯಿತು. ಆಮೇಲೆ ಯಾರು ಅವರು, ಏನು ಬಟ್ಟೆ ಎಂದು ಕೇಳಿದರು, ನಾನು ಹೇಳಿದೆ. ನೀರು ಬಳಸುವವರಿಗೆ ತಿಳಿಹೇಳುವುದೂ ಪರೀಕ್ಷೆಯ ಒಂದು ಭಾಗ, ಆ ಪ್ರಶ್ನೆಯನ್ನು ಅವರು ಇನ್ನೂ ಕೇಳಿರಲಿಲ್ಲ. “ಹಾಗಾದರೆ ಇವರಿಗೇ ಹೇಳಿ, ಇವರ ಭಾಷೆಯಲ್ಲಿ. ನಾನು ನೋಡುತ್ತಿರುತ್ತೇನೆ,” ಎಂದರು.

ಫೋನ್ ಅತ್ತೆಯ ಕೈಯಲ್ಲೇ ಇತ್ತು. ನಾನು ಅದನ್ನು ನೋಡಿ ಮಾತಾಡಲೋ ಅವರನ್ನು ನೋಡಿಯೋ ತಿಳಿಯಲಿಲ್ಲ.

“ಅತ್ತೆ, ಇನ್ಮೇಲೆ ನಲ್ಲಿಗೆ ಬಟ್ಟೆ ಕಟ್ಟಬೇಡಿ.”

“ಅದನ್ನ ಆವತ್ತೇ ಹೇಳಿದ್ಯಲ್ಲ.”

“ಯಾಕೆ ಅಂತ ಹೇಳಿರ್ಲಿಲ್ಲ. ಬಟ್ಟೆ ಯಾವಾಗ್ಲೂ ಒದ್ದೆ ಇರತ್ತೆ. ಒದ್ದೇಲಿ ಕ್ರಿಮಿ ಬೆಳೆದು ನಲ್ಲಿ ಬಾಯೊಳಗೆ ಸೇರ್ಕೊಳ್ಳತ್ತೆ.”

“ಮೈಸೂರಲ್ಲಿ ಸೇರ್ಕೊಂಡಿಲ್ವಾ?”

“ಸೇರ್ಕೊಂಡಿರತ್ತೆ. ಅಲ್ಲಿ ಮರಳು, ತುಕ್ಕು ಬರ್ತಿತ್ತು, ಬಟ್ಟೆ ಅದನ್ನ ತಡೀತಿತ್ತು. ಇಲ್ಲಿ ತಡೆಯೋಕೆ ಏನೂ ಬರ್ತಿಲ್ಲ. ಕೊಳೆ ಆಗ್ತಿರೋದು ಬಟ್ಟೆಯಿಂದಾನೇ.”

ಅವರು ಯೋಚಿಸಿದರು. ಫೋನ್ ಹಿಡಿದ ಕೈ ಕೆಳಗಿಳಿದು ಪರೀಕ್ಷಕಿಗೆ ನಮ್ಮ ನೆಲ ಕಾಣಿಸಿರಬೇಕು. “ಬಿಂದಿಗೆ ಬಾಯಿಗೆ ಕಟ್ಕೋಬಹುದಾ?”

“ದಿನಾ ಕುದಿಸಿ ಒಣಗಿಸಿ ಕಟ್ಕೊಳ್ಳಿ. ನಲ್ಲಿ ತನಕ ನಂದು. ಬಿಂದಿಗೆ ನಿಮ್ದು.”

“ಸರಿ ಹಾಗಾದ್ರೆ.”

ಏನು ತೀರ್ಮಾನವಾಯಿತು ಎಂದು ಪರೀಕ್ಷಕಿ ಕೇಳಿದರು. ಒಪ್ಪಿದರು ಎಂದೆ. “ಗ್ರ್ಯಾಂಡ್,” ಎಂದು ಏನೋ ಗುರುತು ಹಾಕಿಕೊಂಡು, ಕ್ಲೋರಿನ್ ಡ್ರಮ್ಮು ಸೋರಿದರೆ ಏನು ಮಾಡುತ್ತೀರಿ ಎಂಬ ಮುಂದಿನ ಪ್ರಶ್ನೆಗೆ ಹೋದರು.

ಇದು ನನ್ನ ಪಾಠಾಂತರ. ಆ ಹೊತ್ತಿಗೆ ಮನೆಯಲ್ಲೇ ಇರದ ಗಂಡ, ಅಮ್ಮ ಬಟ್ಟೆಯನ್ನು ಬಾವುಟದ ಹಾಗೆ ಬೀಸಿದರು ಎಂದು ಸ್ನೇಹಿತರ ಮುಂದೆ ಹೇಳುತ್ತಾನೆ. ಅತ್ತೆ ಈಗ ಮೈಸೂರಿನಿಂದ ಫೋನಿನಲ್ಲಿ, “ನಾನ್ಯಾಕೆ ತೋರಿಸ್ಲಿ? ನೀನೇ ಸನ್ನೆ ಮಾಡಿದೆ, ಅದಕ್ಕೇ ತೋರಿಸ್ದೆ,” ಎನ್ನುತ್ತಾರೆ. ನಾನು ಸನ್ನೆ ಮಾಡಿದ್ದಿರಬಹುದು. ಮಾಡಿದ್ದರೆ ಅದು ನೆನಪಿರಬೇಕಿತ್ತು. ಅಥವಾ ಹಾಗೆ ಮಾಡಿದ್ದರಿಂದಲೇ ಮರೆತಿರಬಹುದು.

ಎರಡನೆಯ ಬಾಟಲಿ ಶುದ್ಧವಾಗಿ ಬಂತು. ಯಾರೂ ನೀರು ಕುದಿಸಬೇಕಾಗಲಿಲ್ಲ. ಸರ್ಟಿಫಿಕೇಟ್ ಅಂಚೆಯಲ್ಲಿ ಬಂತು, ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದರು, ಸಮಿತಿಗೆ ಕಳಿಸಿದ ಪ್ರತಿಯಲ್ಲೂ ಆ ಕಲೆ ಇದೆ. ಕೆಲಸ ನನ್ನದೇ ಆಯಿತು. ವಿಮಾನಗಳು ಶುರುವಾಗಿ ಅತ್ತೆ ಹೊರಟರು, ಬಟ್ಟೆ ಬಿಂದಿಗೆಯ ಮೇಲೇ ಉಳಿಯಿತು.

ಬಾಗಿಲುಗಳು ತೆರೆದ ಮೇಲೆ ಬೇರೆ ಮನೆಗಳಿಂದಲೂ ನೀರು ಹಿಡಿಯತೊಡಗಿದೆ. ಹೋಗುವ ಮೊದಲು ಫೋನ್ ಮಾಡಿ, ನಲ್ಲಿಗೆ ಏನಾದರೂ ಕಟ್ಟಿದ್ದೀರಾ ಎಂದು ಕೇಳುತ್ತೇನೆ. ಇಂಥ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಿದ್ದಿಲ್ಲ. ಮುದುಕ ಆಪರೇಟರನ್ನೂ ಕೇಳಿದೆ.

“ನಲ್ಲಿಗೆ ಏನು ಕಟ್ಟಲಿ, ಕತ್ತೆಯನ್ನಾ?” ಎಂದರು.

ಮಾಸ್ಕ್ ಹಾಕಿಕೊಂಡು ಅವರ ಅಡುಗೆಮನೆಗೆ ಹೋದೆ. ನಲ್ಲಿಯ ಬಾಯಿಗೆ ಮೊಳದುದ್ದದ ರಬ್ಬರ್ ಕೊಳವೆ ನೇತಾಡುತ್ತಿತ್ತು, ಕುರಿ ಕಾಯುವ ನಾಯಿಯ ಬಟ್ಟಲು ತುಂಬಿಸಲು. ನಾನು ಅದನ್ನು ನೋಡಿದೆ. ಅವರು ಕಿಟಕಿಯ ಹೊರಗೆ ನೋಡಿದರು.

ಬಾಟಲಿಯನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಕೊಳವೆ ಹಿಡಿದು ಎಳೆದೆ. ಬಹಳ ಬಿಗಿಯಾಗಿತ್ತು.