ಚಾಚಿ ಹೇಳಿದ ರಕ್ತಪಿಶಾಚಿ

ಎಲ್ಲೋ ಒಂದು ಬಾಗಿಲು ಕಿರ್ರೆಂದಿತು. ನಾನು ಅಡುಗೆಮನೆಯಲ್ಲಿ ಬಾಣಲೆಗೆ ಒಣಮೆಣಸಿನಕಾಯಿ ಹಾಕಿ ಹುರಿಯುತ್ತಿದ್ದೆ, ಘಾಟು ಮೂಗಿಗೇರಿ ಇನ್ನೇನು ಸೀನಬೇಕು, ಅಷ್ಟರಲ್ಲಿ ಹೊರಗಿನ ಕೋಣೆಯಿಂದ ಆ ಶಬ್ದ. ನಮ್ಮ ಮನೆಯ ಯಾವ ಬಾಗಿಲೂ ಹಾಗೆ ನರಳುವುದಿಲ್ಲ. ಎಳೆದು ಎಳೆದು ಕಿರುಗುಟ್ಟಿ, ಕೊನೆಗೆ ಒಂದು ತೋಳದ ಊಳು. ಸೌಟು ಕೈಯಲ್ಲಿದ್ದಂತೆಯೇ ಓಡಿದೆ. ಮಗಳು ಕಾಲು ಮಡಚಿ ಕೂತು ಮೊಬೈಲ್ ನೋಡಿ ನಗುತ್ತಿದ್ದಳು. "ಅಮ್ಮಾ, ನೀ ಸಣ್ಣಾಕಿ ಇದ್ದಾಗ ನೋಡ್ತಿದ್ದೆ ಅಂತ ಹೇಳ್ತೀಯಲ್ಲ, ರಕ್ತ ಕುಡಿಯೋನ ಸೀರಿಯಲ್ಲು, ಸಿಕ್ತು ನೋಡು. ಇದಕ್ಕೆ ಹೆದರಿದ್ರಾ ನೀವೆಲ್ಲ?" ಅಷ್ಟರಲ್ಲಿ ಬಾಣಲೆಯಲ್ಲಿ ಮೆಣಸಿನಕಾಯಿ ಕರಕಲಾಯಿತು, ಮನೆಯೆಲ್ಲ ಹೊಗೆಯಾಯಿತು, ನಾವಿಬ್ಬರೂ ಕೆಮ್ಮುತ್ತ ಕಿಟಕಿ ತೆಗೆದೆವು. ಬಾಗಿಲ ನರಳಾಟ, ಮೆಣಸಿನ ಘಾಟು, ಎರಡೂ ಒಟ್ಟಿಗೆ ಬಂದರೆ ನನ್ನಂಥವಳು ಏನು ಮಾಡಬೇಕು ಹೇಳಿ. ಅಂದು ಸಾರಿಗೆ ಉಪ್ಪು ಹಾಕುವುದನ್ನೂ ಮರೆತೆ.

ಆ ಸೀರಿಯಲ್ಲು ನೋಡುತ್ತಿದ್ದ ಕಾಲದಲ್ಲಿ ನಮ್ಮ ಮನೆ ಶಿರಸಿ ಪೇಟೆಯ ಒಂದು ಗಲ್ಲಿಯಲ್ಲಿತ್ತು. ಬನವಾಸಿ ಕಡೆಯಿಂದ ವ್ಯಾಪಾರಕ್ಕೆಂದು ಬಂದ ಅಪ್ಪ, ಗಾಳಿ ಬೆಳಕು ಚೆನ್ನಾಗಿದ್ದ ಮುಂದಿನ ಕೋಣೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳನ್ನು ಒಟ್ಟಿ, ಹಿಂದಿನ ಎರಡು ಕತ್ತಲೆ ಕೋಣೆಗಳಲ್ಲಿ ನಮ್ಮನ್ನು ಇಟ್ಟಿದ್ದ. ಅವ್ವ, ನೀಲಕ್ಕ, ನಾನು. ಅಕ್ಕ ಹೈಸ್ಕೂಲು, ನಾನು ಇನ್ನೂ ಮೂರನೇ ಇಯತ್ತೆ. ಪಕ್ಕದ ಮನೆಗೂ ನಮಗೂ ಇದ್ದದ್ದು ಒಂದೇ ಗೋಡೆ. ಆ ಮನೆಯಲ್ಲಿ ಹುಬ್ಬಳ್ಳಿ ಅಂಕೋಲಾ ಲಾರಿ ಓಡಿಸುತ್ತಿದ್ದ ಚಾಚಾ, ಚಾಚಿ, ಅವರ ಮಗಳು ಇದ್ದರು. ಗಲ್ಲಿಯ ಮಂದಿಗೆಲ್ಲ, ನಮ್ಮ ಅವ್ವನಿಗೂ, ಅವರು ಚಾಚಿಯೇ. ನಮ್ಮಲ್ಲಿ ಮೀನು ಮಾಂಸ ಇಲ್ಲ ಎಂಬುದು ಅವರಿಗೆ ಎಷ್ಟು ನೆನಪಿರುತ್ತಿತ್ತೆಂದರೆ, ಒಲೆಗೆ ಕಾವಲಿ ಇಡುವ ಮೊದಲು ಗೋಡೆ ಬಡಿದು "ಅವ್ವಾರ, ಕಿಟಕಿ ಹಾಕ್ಕೋರಿ, ಬಂಗಡೆ ಹುರೀತೀನಿ" ಎನ್ನುತ್ತಿದ್ದರು. ಅವ್ವ ಕಿಟಕಿ ಹಾಕುತ್ತಿದ್ದಳು. ನಾನು ಮೆಲ್ಲಗೆ ಹೋಗಿ ಅದನ್ನು ಸ್ವಲ್ಪ ತೆಗೆಯುತ್ತಿದ್ದೆ.

ಗಲ್ಲಿಯಲ್ಲಿ ಕಲರ್ ಟಿವಿ ಇದ್ದದ್ದು ಚಾಚಿಯ ಮನೆಯಲ್ಲಿ ಮಾತ್ರ. ಭಾನುವಾರ ಊಟವಾದ ಮೇಲೆ ಆ ಸೀರಿಯಲ್ಲು. ಹೊರದೇಶದ್ದು, ಮೇಲೆ ಹಿಂದಿ ಮಾತು ಅಂಟಿಸಿದ್ದರು. ಕರಿ ಕೋಟು ತೊಟ್ಟ, ಬಿಳಿಚಿಕೊಂಡ ಒಬ್ಬ ದೊಡ್ಡ ಮನುಷ್ಯ ಗುಡ್ಡದ ಮೇಲಿನ ಕೋಟೆಯಲ್ಲಿರುತ್ತಾನೆ, ಊರಿನವರ ರಕ್ತ ಕುಡಿಯುತ್ತಾನೆ, ಬಿಸಿಲು ಕಂಡರೆ ಸುಡುತ್ತಾನೆ, ಯಾರಾದರೂ ಬಾ ಎನ್ನದೆ ಯಾರ ಮನೆಯ ಹೊಸ್ತಿಲೂ ದಾಟಲಾರ. ಇಷ್ಟು ಭಯಂಕರ ಕತೆಯನ್ನು ನಾವು ನೋಡುತ್ತಿದ್ದದ್ದು ಹಾಡುಹಗಲಲ್ಲಿ. ಕಿಟಕಿಯ ಬಿಸಿಲು ನೇರ ಪರದೆಯ ಮೇಲೇ ಬೀಳುತ್ತಿದ್ದುದರಿಂದ ಅಪ್ಪನ ಖಾಲಿ ಮೆಣಸಿನ ಚೀಲಗಳನ್ನು ತಂದು ಕಿಟಕಿಗೆ ನೇತುಹಾಕುತ್ತಿದ್ದೆವು. ಫ್ಯಾನು ಹಾಕಿದ ಕೂಡಲೇ ಚೀಲದ ದೂಳೆದ್ದು ಕೋಣೆ ಕೋಣೆಯೇ ಸೀನುತ್ತಿತ್ತು. ಕೋಟಿನವನು ಯಾವುದೋ ಹುಡುಗಿಯ ಕುತ್ತಿಗೆಗೆ ಬಾಗುವ ಹೊತ್ತಿಗೆ ಸರಿಯಾಗಿ ಒಬ್ಬರಲ್ಲ ಒಬ್ಬರು ಆಕ್ಷೀ ಎನ್ನುತ್ತಿದ್ದರು, ಎಲ್ಲರೂ ನಗುತ್ತಿದ್ದರು, ಅವನ ಕೆಲಸ ಅಷ್ಟರಲ್ಲಿ ಮುಗಿದಿರುತ್ತಿತ್ತು.

ನಮಗೆ ಹಿಂದಿ ಎಲ್ಲಿ ಬರಬೇಕು. ಅದಕ್ಕೆ ಚಾಚಿ ಇದ್ದರು. ಟಿವಿಯ ಪಕ್ಕದಲ್ಲಿ ಗೋಡೆಗೊರಗಿ, ಮುಖ ನಮ್ಮ ಕಡೆ, ಕಿವಿ ಟಿವಿ ಕಡೆ, ಮೊರದಲ್ಲಿ ಅಕ್ಕಿ ಆರಿಸುತ್ತ ಅವರು ಕತೆ ಹೇಳುತ್ತ ಹೋಗುತ್ತಿದ್ದರು. ಅವನು ಒಂದು ಮಾತಾಡಿದರೆ ಚಾಚಿಯದು ನಾಲ್ಕು ಮಾತಾಗುತ್ತಿತ್ತು. ಕೆಲವು ಸಲ ಅವನು ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಚಾಚಿ ಹೇಳಿ ಮುಗಿಸಿರುತ್ತಿದ್ದರು. ಅವರ ಕತೆಯಲ್ಲಿ ಕೋಟಿನವನು ಕೆಟ್ಟವನಲ್ಲ. "ಅವ್ನಿಗೆ ಒಂದ್ ಬ್ಯಾನಿ ಐತಿ. ಮೈಯಾಗ ರಕ್ತ ಆಗಂಗಿಲ್ಲ, ಪಾಪ. ಹೊರಗಿಂದ ತಗೋಬೇಕು. ಕೇಳಾಕ ನಾಚಿಕಿ, ಅದಕ್ಕ ಕದೀತಾನ." ಅವನು ಯಾರದೋ ಮನೆಯ ಮುಂದೆ, ಕರೆಯುವವರಿಲ್ಲದೆ, ಕೈ ಇಳಿಬಿಟ್ಟು ನಿಂತಾಗಲೆಲ್ಲ ಚಾಚಿ ಮೊರ ಕೆಳಗಿಟ್ಟು, "ಬಾರಪ್ಪಾ ಒಳಗ, ಎಷ್ಟೊತ್ತು ನಿಲ್ತೀ" ಎಂದು ಟಿವಿಗೇ ಹೇಳುತ್ತಿದ್ದರು. ಬಾಗಿಲಿಗೆ ಬಂದವರನ್ನು ಕರೆಯದೆ ಬಿಟ್ಟು ಅವರಿಗೆ ಗೊತ್ತಿರಲಿಲ್ಲ.

ನಮ್ಮ ನೀಲಕ್ಕನಿಗೂ ಅದೇ ಬ್ಯಾನಿ. ಅವಳ ಮೈಯಲ್ಲಿ ರಕ್ತ ಆಗುತ್ತಿರಲಿಲ್ಲ. ತುಟಿ ಬೆಳ್ಳಗಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ಅಪ್ಪ ಅವಳನ್ನು ಮುಂಡಗೋಡದ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ರಜೆಯಿದ್ದರೆ ನಾನೂ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಅಕ್ಕ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೋರ್ಡುಗಳನ್ನು ಓದುತ್ತಿದ್ದಳು, ಕನ್ನಡದ್ದು, ಇಂಗ್ಲಿಷಿನದು, ಹಿಂದಿಯದು, ಯಾವುದನ್ನೂ ಬಿಡುತ್ತಿರಲಿಲ್ಲ. ಅಲ್ಲಿ ಮಂಚದ ಪಕ್ಕ ಬಾಟಲಿ ನೇತಾಡುತ್ತಿತ್ತು, ಕೆಂಪು ಕೊಳವೆಯೊಂದು ಅವಳ ಕೈಗೆ ಇಳಿಯುತ್ತಿತ್ತು. ಮರಳಿ ಬರುವಾಗ ಅವಳ ಕೆನ್ನೆಗೆ ಬಣ್ಣ ಬಂದಿರುತ್ತಿತ್ತು. ತಗೊಂಡಷ್ಟು ರಕ್ತಕ್ಕೆ ನಮ್ಮ ಕಡೆಯಿಂದಲೂ ಯಾರಾದರೂ ಕೊಡಬೇಕು, ಅದು ಅಲ್ಲಿಯ ಪದ್ಧತಿ. ಮೆಣಸಿನಕಾಯಿಗೆ ಎದೆ ಸೆಟೆಸಿ ಚೌಕಾಸಿ ಮಾಡುತ್ತಿದ್ದ ಅಪ್ಪನಿಗೆ ಇದನ್ನು ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಚಾಚಿಯ ಮನೆಯ ಹೊಸ್ತಿಲ ಹೊರಗೆ, ಚಪ್ಪಲಿ ಕಳಚದೆ, ಟೊಪ್ಪಿಗೆ ಕೈಯಲ್ಲಿ ತಿರುಗಿಸುತ್ತ ನಿಂತಿರುತ್ತಿದ್ದ. "ಒಳಗ ಬರ್ರಿ ಅಣ್ಣಾರ. ಕೇಳಿದ್ರ ಕೊಡಂಗಿಲ್ಲ ಅಂತಾರೇನು ಯಾರರೆ" ಎಂದು ಚಾಚಿಯೇ ಕರೆಯುತ್ತಿದ್ದರು. ಚಾಚಾ ಲಾರಿ ನಿಲ್ಲಿಸಿ ಹುಬ್ಬಳ್ಳಿಯಲ್ಲೇ ಕೊಟ್ಟು ಬರುತ್ತಿದ್ದ. ಆಮೇಲೆ ಗಲ್ಲಿಯ ಟೇಲರು ಕೊಟ್ಟ, ಸೋಡಾ ಅಂಗಡಿಯವನು ಕೊಟ್ಟ. ಅಕ್ಕ ತನ್ನ ಕೈ ನೋಡಿಕೊಂಡು, "ಇದು ಈಗ ಲಾರಿ ಹೊಡೀತೈತಿ, ಬಟ್ಟಿ ಹೊಲೀತೈತಿ" ಎಂದು ನನ್ನನ್ನು ನಗಿಸುತ್ತಿದ್ದಳು.

ಮಗಳು ಕಾಲೇಜಿಗೆ ಹೋದ ಮೇಲೆ ನಾನು ನನ್ನ ಮೊಬೈಲ್ ಹಿಡಿದು ಕೂತೆ. ಕೂತೆ ಎಂದರೆ ಸುಳ್ಳು. ಒಂದು ಕಂತು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತ, ಇನ್ನೊಂದು ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ, ಮತ್ತೊಂದನ್ನು ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹಾರಿ, ಮತ್ತೆ ಹಿಂದಕ್ಕೆ ಬಂದು ನೋಡಿದೆ. ಸೀರಿಯಲ್ಲಿಗೆ ವಯಸ್ಸಾಗಿದೆ, ಅದೂ ಕೆಟ್ಟದಾಗಿ. ಬಾವಲಿಯ ದಾರ ಕಾಣುತ್ತದೆ. ಬಾಗಿಲು ಜೋರಾಗಿ ಹಾಕಿದರೆ ಕಲ್ಲಿನ ಕೋಟೆ ಅಲ್ಲಾಡುತ್ತದೆ. ಮಾತಾಡುವಾಗ ಅವನ ಕೋರೆಹಲ್ಲು ಸಡಿಲಾಗಿ, ತುಟಿ ಬಿಗಿಹಿಡಿದು ಅದನ್ನು ಸಂಭಾಳಿಸುತ್ತಾನೆ. ರಕ್ತವೋ, ನಮ್ಮ ಕುಂಕುಮದ ನೀರಿಗೂ ಅದಕ್ಕಿಂತ ಹೆಚ್ಚು ಗಟ್ಟಿತನ ಇರುತ್ತದೆ. ಮಗಳು ನಕ್ಕದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮಾತ್ರ ಹಾಗೆಯೇ ಉಳಿದಿದೆ. ಯಾರೂ ಕರೆಯದ ಮನೆಯ ಮುಂದೆ ಅವನು ನಿಲ್ಲುವ ರೀತಿ. ಹಲ್ಲಿಲ್ಲ, ರಕ್ತವಿಲ್ಲ, ಸಂಗೀತವೂ ಇಲ್ಲ, ಸುಮ್ಮನೆ ಹೊಸ್ತಿಲು ನೋಡುತ್ತ ನಿಂತಿರುತ್ತಾನೆ. ಅದನ್ನು ನೋಡುವಾಗ ಟೊಪ್ಪಿಗೆ ತಿರುಗಿಸುತ್ತಿದ್ದ ಅಪ್ಪನ ಕೈ ನೆನಪಾಯಿತು.

ನಿಜ ಹೇಳಬೇಕೆಂದರೆ ನಾನು ಹುಡುಕುತ್ತಿದ್ದದ್ದು ಒಂದೇ ಒಂದು ದೃಶ್ಯವನ್ನು. ಅದು ನಮ್ಮ ಪಾಲಿಗೆ ಸೀರಿಯಲ್ಲಿನ ಕೊನೆ. ಊರಿನ ಜನರೆಲ್ಲ ಸಾಲಾಗಿ ಗುಡ್ಡ ಹತ್ತಿ ಕೋಟೆಗೆ ಬರುತ್ತಾರೆ. ಚಾಚಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ನೋಡ್ರಿ, ಎಲ್ಲಾರೂ ರಕ್ತ ಕೊಡಾಕ ಬಂದಾರ. ಅಂಗಿ ತೋಳು ಮಡಚ್ಯಾರ ನೋಡ್ರಿ. ಇನ್ನ ಅವ್ನು ಕದೀಬೇಕಾಗಿಲ್ಲ." ಕೋಟಿನವನು ಬಾಗಿಲು ತೆಗೆದ. ಅಷ್ಟರಲ್ಲಿ ಚಾಚಿ ಮೊರ ಬಿಟ್ಟೆದ್ದು ಬಂದು ಟಿವಿಗೆ ಅಡ್ಡ ನಿಂತರು, ಪರದೆ ಕಪ್ಪಾಯಿತು. "ಕರೆಂಟ್ ಹೋತು" ಎಂದರು. ನಾನು ತಲೆಯೆತ್ತಿ ನೋಡಿದರೆ ಫ್ಯಾನು ತಿರುಗುತ್ತಲೇ ಇತ್ತು. ಕೇಳದೆ ಬಿಡುವವಳೇ ನಾನು? "ಮತ್ತ ಫ್ಯಾನು?" ಎಂದೆ. ಕೋಣೆಯಲ್ಲಿ ಕೂತಿದ್ದ ಗಲ್ಲಿಯ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕ ನನ್ನನ್ನು ಹತ್ತಿರ ಎಳೆದುಕೊಂಡು, "ಅದು ಉಳಿದ ಜೋರಿನ ಮ್ಯಾಲೆ ತಿರಗಾಕತ್ತೈತಿ" ಎಂದಳು. ಅಕ್ಕ ಹೇಳಿದ ಮೇಲೆ ಮುಗಿಯಿತು. ಆ ರಾತ್ರಿ ಅವಳ ಸೆರಗು ಹೊದ್ದು ಮಲಗಿ, ಊರಿನ ಜನ ಕೊಟ್ಟ ರಕ್ತದಿಂದ ಕೋಟಿನವನ ಕೆನ್ನೆಗೆ ಬಣ್ಣ ಬಂದದ್ದನ್ನು ಕಲ್ಪಿಸಿಕೊಂಡೆ. ಮುಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನೀಲಕ್ಕ ಹೋದಳು. ಆಮೇಲೆ ಅಪ್ಪ ವ್ಯಾಪಾರ ಬಿಟ್ಟ, ಮನೆ ಬಿಟ್ಟೆವು. ಈಗ ಅಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿಗಳ ಒಂದು ಕಟ್ಟಡವಿದೆ, ನಮ್ಮ ಗೋಡೆ ಯಾವ ಕಡೆಗಿತ್ತೆಂದು ಎಷ್ಟು ಸಲ ಹೋಗಿ ನೋಡಿದರೂ ಗೊತ್ತಾಗುವುದಿಲ್ಲ. ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಅಕ್ಕನ ನೆನಪೆಂದು ನನ್ನ ಹತ್ತಿರ ಉಳಿದದ್ದೇ ಆ ದೃಶ್ಯ. ಅದು ನಿಜಕ್ಕೂ ಇತ್ತೇ ಇಲ್ಲವೇ ಎಂದು ನನಗೆ ಗೊತ್ತಾಗಬೇಕಿತ್ತು.

ಕೊನೆಯ ಕಂತಿನಲ್ಲಿ ಅದು ಸಿಕ್ಕಿತು. ಅದೇ ಗುಡ್ಡ, ಅದೇ ಸಾಲು, ಮಡಚಿದ ಅವೇ ತೋಳುಗಳು. ಈಗ ನನಗೆ ಹಿಂದಿ ಬರುತ್ತದೆ. ಅವರ ಕೈಯಲ್ಲಿ ಪಂಜುಗಳಿದ್ದವು, ಗೂಟಗಳಿದ್ದವು. ಅವರು ಕೂಗುತ್ತಿದ್ದದ್ದು ಸುಡಿ, ಕೊಲ್ಲಿ ಎಂದು. ಕೋಟಿನವನು ಬಾಗಿಲು ತೆಗೆದ. ನಾನು ಅಲ್ಲಿಗೇ ನಿಲ್ಲಿಸಿದೆ. ಆ ಪಂಜುಗಳು ಅಂದೂ ಕಂಡಿರಬೇಕಲ್ಲ. ಕಂಡಿದ್ದವು, ಈಗ ನೆನಪಾಗುತ್ತದೆ, ಕತ್ತಲೆ ದಾರಿಗೆ ದೀಪ ಬೇಡವೇ ಎಂದಿದ್ದರು ಚಾಚಿ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಅಳುವೂ ಬಂತು. ಕಾಯಿಲೆಯ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ವಾರ ವಾರವೂ ಒಂದಿಡೀ ಸೀರಿಯಲ್ಲನ್ನೇ ಅವಳಿಗಾಗಿ ತಿರುಚಿದ್ದರು ಆ ಹೆಂಗಸು. ನೀಲಕ್ಕ ಅದನ್ನು ನಂಬಿಕೊಂಡೇ ಹೋದಳು ಎಂದುಕೊಂಡೆ. ಮನೆಯಲ್ಲಿ ನಿಲ್ಲಲಾಗಲಿಲ್ಲ. ಸೀರೆ ಬದಲಿಸಿ, ಮಗಳಿಗೆ ಫೋನು ಮಾಡಿ, ಯಲ್ಲಾಪುರದ ಬಸ್ಸು ಹತ್ತಿದೆ.

ಚಾಚಾ ತೀರಿಕೊಂಡ ಮೇಲೆ ಚಾಚಿ ಯಲ್ಲಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಮಂಚಿಕೇರಿ ದಾಟುವವರೆಗೂ ಬಸ್ಸಿನ ಕಿಟಕಿ ತೆಗೆಯುತ್ತ ಹಾಕುತ್ತ ಇದ್ದೆ, ಪಕ್ಕದಲ್ಲಿ ಕೂತ ಹೆಂಗಸು "ಎಂತ, ಆರಾಮಿಲ್ಯನೇ?" ಎಂದು ಕೇಳಿದಳು. ಮನೆಯ ಮುಂದೆ ಹೋಗಿ, ಏನು ಹೇಳಬೇಕೆಂದು ತೋಚದೆ, ಬೆಲ್ಲು ಒತ್ತದೆ ನಿಂತೆ. ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ ಚಾಚಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಯಾರವ್ವಾ ಅದು, ನೀಲನ ತಂಗಿಯೇನ? ಒಳಗ ಬಾ ಬೇಟಾ, ಎಷ್ಟೊತ್ತು ನಿಲ್ತೀ." ಚಹಾ ಬಂತು, ಟೋಸ್ಟ್ ಬಂತು, ಮಗಳ ವಿಷಯ, ಮೊಣಕಾಲಿನ ವಿಷಯ ಎಲ್ಲ ಆಯಿತು. ಕೊನೆಗೆ ಮೊಬೈಲ್ ತೆಗೆದು ಅವರ ಮುಂದೆ ಹಿಡಿದೆ. ಗುಡ್ಡ ಹತ್ತುವ ಸಾಲು ಕಂಡಿದ್ದೇ ತಡ, ಅವರ ಬೊಚ್ಚು ಬಾಯಿ ಅಗಲವಾಯಿತು.

"ಚಾಚಿ, ಇವ್ರು ರಕ್ತ ಕೊಡಾಕ ಬಂದವರಲ್ಲ" ಎಂದೆ.

"ಅಲ್ಲ" ಎಂದರು, ಮಳೆ ಬಂತೇ ಎಂದು ಕೇಳಿದರೆ ಇಲ್ಲ ಎನ್ನುವಷ್ಟು ಸಲೀಸಾಗಿ.

"ಅಕ್ಕನ ಸಲುವಾಗಿ ಹಂಗ ಹೇಳಿದ್ರಿ, ಹೌದಲ್ಲ? ಅಕೀಗೆ ನೋವಾಗಬಾರದು ಅಂತ."

ಚಾಚಿ ನನ್ನ ಮುಖ ನೋಡಿದರು. "ನೀಲಂಗ ಹಿಂದಿ ಬರ್ತಿತ್ತಲ್ಲ ಬೇಟಾ. ಸಾಲ್ಯಾಗ ಕಲ್ತಿದ್ಲು. ಅಕೀಗೆ ಎಲ್ಲಾ ತಿಳೀತಿತ್ತು." ಆಮೇಲೆ ಲೋಟ ಕೆಳಗಿಟ್ಟು, ನನ್ನ ಮೊಣಕೈ ಹಿಡಿದುಕೊಂಡು ಹೇಳಿದರು. "ಮೊದಲನೇ ವಾರ ನಾನು ಇದ್ದದ್ದು ಇದ್ದಂಗ ಹೇಳಿದ್ದೆ. ಅದನ್ನ ಕೇಳಿ ನೀ ಅಕ್ಕನ ಬಾಜೂಕ ಮಲಗಂಗಿಲ್ಲ ಅಂತ ಅತ್ತಿ. ಅಕೀನೂ ರಕ್ತ ತಗೋತಾಳ, ಅಕೀನೂ ಅಂಥಾಕಿನ ಅಂದಿ. ಸಣ್ಣಾಕಿ ನೀ, ನಿನಗೇನ್ ಗೊತ್ತು. ಮರುದಿನ ನೀಲ ಬಂದ್ಲು ನನ್ನ ಹತ್ರ. ಚಾಚಿ, ಅವನು ಕೆಟ್ಟವನಲ್ಲ ಅಂತ ಹೇಳ್ರಿ, ತಂಗಿ ನನ್ನ ಹತ್ರ ಬರವಲ್ಲಳು ಅಂದ್ಲು. ಗಲ್ಲಿ ಮಂದಿಗೂ ಅಕೀನ ಹೋಗಿ ಹೇಳಿ ಬಂದ್ಲು, ಯಾರೂ ಬಾಯಿ ಬಿಡಬ್ಯಾಡ್ರಿ ಅಂತ."

ನನಗೆ ಅದು ಯಾವುದೂ ನೆನಪಿಲ್ಲ. ನನಗೆ ನೆನಪಿರುವುದು ಅವಳ ಸೆರಗು, ಅದರೊಳಗಿನ ಬಿಸುಪು, ಒಂದು ರಾತ್ರಿಯೂ ಬಿಡದೆ ಅವಳ ಪಕ್ಕದಲ್ಲೇ ಮಲಗಿದ್ದೆ ಎಂಬುದು ಮಾತ್ರ. ಅಷ್ಟು ಮಾತ್ರ ನೆನಪಿರಲಿ ಎಂದೇ ಅವಳು ಗಲ್ಲಿಯ ಮನೆ ಮನೆಗೆ ನಡೆದಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವಳು. ಪರದೆಯ ಮೇಲೆ ತನ್ನಂಥವನನ್ನು ಜನ ಏನೆನ್ನುತ್ತಾರೆಂದು ತಿಳಿದೂ ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ವಾರ ವಾರ ನೋಡಿದ್ದಳು. ನಾನು ಚಾಚಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಅತ್ತೆ. ಅವರು ನನ್ನ ತಲೆ ಸವರುತ್ತಿದ್ದರು.

ಮೊಬೈಲಿನಲ್ಲಿ ಕೋಟಿನವನು, ನಾನು ನಿಲ್ಲಿಸಿದಲ್ಲೇ, ಬಾಗಿಲು ತೆಗೆದು ನಿಂತಿದ್ದ. ನನ್ನ ಬೆರಳು ತಗುಲಿತೋ ಏನೋ, ಜನರ ಕೂಗು ಮತ್ತೆ ಶುರುವಾಯಿತು. ಚಾಚಿ ಕೈ ಚಾಚಿ ತಡಕಾಡಿದರು, ಎಲ್ಲಿ ಒತ್ತಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನೇ ಒತ್ತಿದೆ. ಪರದೆ ಕಪ್ಪಾಯಿತು.

"ಕರೆಂಟ್ ಹೋತು" ಎಂದರು ಚಾಚಿ.

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಇಬ್ಬರೂ ಅದನ್ನು ನೋಡಿದೆವು.

"ಅದು ಉಳಿದ ಜೋರಿನ ಮ್ಯಾಲೆ ತಿರಗಾಕತ್ತೈತಿ, ಚಾಚಿ" ಎಂದೆ.